ಒಂದು ವೈರ್‌ಗಾಗಿ ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕಾ?

ಪ್ರಶ್ನೆ: ನನ್ನದು ಎಂಟು ವರ್ಷ ಹಳೆಯ ಹ್ಯಾಚ್‌ಬ್ಯಾಕ್ ಕಾರು. ಮುಂದಿನ ಗಾಜಿಗೆ ಡ್ಯಾಶ್‌ಕ್ಯಾಮ್, ಹಿಂಬಾಗಿಲಿಗೆ ರಿವರ್ಸ್ ಕ್ಯಾಮೆರಾ ಹಾಕಬೇಕು ಅಂತಿದ್ದೇನೆ. ವೈರುಗಳು ಹೊರಗೆ ಕಾಣಬಾರದು, ಡ್ಯಾಶ್‌ಬೋರ್ಡಿನ ಹಿಂದೆಯೇ ಹೋಗಬೇಕು. ವಿಚಾರಿಸಿದ ಕಡೆ "ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು, ಎರಡು ದಿನ ಗಾಡಿ ಬಿಟ್ಟು ಹೋಗಿ" ಅಂದರು. ಮನೆಯ ಸ್ವಿಚ್‌ಬೋರ್ಡ್ ರಿಪೇರಿ ನಾನೇ ಮಾಡಿಕೊಳ್ಳುತ್ತೇನೆ, ಮಲ್ಟಿಮೀಟರ್ ಕೂಡ ಇದೆ. ಇದನ್ನೂ ನಾನೇ ಮಾಡಬಹುದಾ? ಏರ್‌ಬ್ಯಾಗ್ ಸಿಡಿದುಬಿಟ್ಟರೆ ಅನ್ನೋ ಭಯ ಒಂದೇ.

ಉತ್ತರ: ಇಳಿಸಬೇಕಾಗಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ನಿಮ್ಮ ಅರ್ಧ ತಲೆನೋವು ಕಡಿಮೆಯಾಗುತ್ತದೆ. ಗಾಡಿ ವೈರಿಂಗ್ ಕೆಲಸಕ್ಕೆ ಕೈ ಹಾಕಿ ನನಗೆ ಇಪ್ಪತ್ತು ವರ್ಷ ದಾಟಿತು. ಸ್ಟೀರಿಯೋ, ಕ್ಯಾಮೆರಾ, ಫಾಗ್ ಲ್ಯಾಂಪ್ ಅಂತ ಲೆಕ್ಕವಿಲ್ಲದಷ್ಟು ವೈರ್ ಎಳೆದಿದ್ದೇನೆ. ಬರೀ ಒಂದು ವೈರ್ ಎಳೆಯೋಕೆ ಅಂತ ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಿದ್ದು ಒಂದು ಸಲವೂ ಇಲ್ಲ.

ಹೊರಗಿನಿಂದ ನೋಡಿದರೆ ಡ್ಯಾಶ್‌ಬೋರ್ಡ್ ಒಂದೇ ದೊಡ್ಡ ಪ್ಲಾಸ್ಟಿಕ್ ತುಂಡಿನ ಹಾಗೆ ಕಾಣುತ್ತದೆ. ಒಳಗೆ ಕಥೆ ಬೇರೆ. ಈ ಬಾಗಿಲಿನ ಕಂಬದಿಂದ ಆ ಬಾಗಿಲಿನ ಕಂಬಕ್ಕೆ ಅಡ್ಡಲಾಗಿ ಲೋಹದ ತೊಲೆಯೊಂದು ಇರುತ್ತದೆ. ಸ್ಟೀರಿಂಗ್ ಕಾಲಮ್, ಏಸಿ ಪೆಟ್ಟಿಗೆ, ಪಕ್ಕದ ಸೀಟಿನ ಏರ್‌ಬ್ಯಾಗ್ ಎಲ್ಲಾ ಸಾಮಾನ್ಯವಾಗಿ ಅದನ್ನೇ ಹಿಡಿದುಕೊಂಡಿರುತ್ತವೆ. ತೊಲೆಯ ಮೇಲೆ ದೊಡ್ಡ ಹೊದಿಕೆ, ಆ ಹೊದಿಕೆಗೆ ಅಲ್ಲಲ್ಲಿ ಸಣ್ಣ ಮುಚ್ಚಳಗಳು. ಗ್ಲೋವ್ ಬಾಕ್ಸ್, ಸ್ಟೀರಿಯೋ ಸುತ್ತಲಿನ ಫ್ರೇಮ್, ಸ್ಟೀರಿಂಗ್ ಕೆಳಗಿನ ಪ್ಯಾನೆಲ್, ಬಾಗಿಲು ತೆರೆದಾಗ ಡ್ಯಾಶ್‌ಬೋರ್ಡಿನ ತುದಿಯಲ್ಲಿ ಕಾಣುವ ಮುಚ್ಚಳ, ಇವೆಲ್ಲಾ ಬೇರೆ ಬೇರೆಯಾಗಿ ಬಿಚ್ಚಿ ಬರುತ್ತವೆ. ರಿಪೇರಿಗೆ ಕೈ ಹೋಗಲಿ ಅಂತಲೇ ಹಾಗೆ ಮಾಡಿರುತ್ತಾರೆ. ನಿಮಗೆ ಬೇಕಾಗಿರುವುದು ಈ ಕಿಟಕಿಗಳು ಮಾತ್ರ. ಒಂದು ಕಿಟಕಿಯಿಂದ ವೈರ್ ತೂರಿಸಿ ಇನ್ನೊಂದರಿಂದ ಹಿಡಿದುಕೊಳ್ಳುವುದು, ಅಷ್ಟೇ ಕೆಲಸ.

ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸುವ ಸಂದರ್ಭಗಳೂ ಇವೆ. ಹೀಟರ್ ಕೋರ್ (ಬಿಸಿ ಗಾಳಿ ಕೊಡುವ ಸಣ್ಣ ರೇಡಿಯೇಟರ್) ಸೋರುತ್ತಿದ್ದರೆ, ಏಸಿಯ ಕೂಲಿಂಗ್ ಕಾಯಿಲ್ ತೂತಾಗಿದ್ದರೆ, ಇಲಿ ಸೇರಿಕೊಂಡು ಮೇನ್ ಹಾರ್ನೆಸ್ಸನ್ನೇ, ಅಂದರೆ ವೈರುಗಳ ದೊಡ್ಡ ಕಟ್ಟನ್ನೇ, ಕಡಿದಿದ್ದರೆ, ಅಥವಾ ನೀರಿನಲ್ಲಿ ಮುಳುಗಿ ಬಂದ ಗಾಡಿಯಾದರೆ. ಆಗ ಸ್ಟೀರಿಂಗ್ ಚಕ್ರ ಕಳಚಬೇಕು, ಕಾಲಮ್ ಇಳಿಸಬೇಕು, ಗೇರ್ ಸುತ್ತಲಿನ ಕನ್ಸೋಲ್ ತೆಗೆಯಬೇಕು, ಎಲ್ಲೆಲ್ಲೋ ಅಡಗಿರುವ ಬೋಲ್ಟ್ ಹುಡುಕಬೇಕು, ಇಬ್ಬರು ಸೇರಿ ಬಾಗಿಲಿನ ಮೂಲಕ ಓರೆ ಮಾಡಿ ಹೊರಗೆ ತರಬೇಕು. ಸ್ಟೀರಿಂಗ್ ಒಳಗೆ ಕ್ಲಾಕ್ ಸ್ಪ್ರಿಂಗ್ ಅಂತ ಒಂದು ಸುರುಳಿ ಇರುತ್ತದೆ. ಏರ್‌ಬ್ಯಾಗಿಗೆ, ಹಾರ್ನಿಗೆ ಕರೆಂಟ್ ಹೋಗುವುದು ಅದರ ಮೂಲಕ. ಚಕ್ರ ಬಿಚ್ಚಿದ ಮೇಲೆ ಅದನ್ನು ಸುಮ್ನೆ ಎರಡು ಸುತ್ತು ತಿರುಗಿಸಿ ಹಾಗೇ ಕೂರಿಸಿದರೆ, ಮುಂದೆ ಒಂದು ದಿನ ಪೂರ್ತಿ ಸ್ಟೀರಿಂಗ್ ತಿರುಗಿಸಿದಾಗ ಕಿತ್ತುಕೊಳ್ಳುತ್ತದೆ. ಇದು ಮನೆಯಲ್ಲಿ ಕಲಿಯುವ ಕೆಲಸವಲ್ಲ. ನಿಮಗೆ ಬೇಕಾಗಿಯೂ ಇಲ್ಲ.

ಈಗ ಏರ್‌ಬ್ಯಾಗ್. ನಿಮ್ಮ ಭಯ ಸರಿಯಾದದ್ದೇ, ಆದರೆ ಇರಬೇಕಾದ ಜಾಗ ಬೇರೆ. ಪ್ಯಾನೆಲ್ ಎಳೆದಾಗ ಏರ್‌ಬ್ಯಾಗ್ ಸಿಡಿಯುವುದಿಲ್ಲ. ನೀವು ಹೆಮ್ಮೆಯಿಂದ ಹೇಳಿದಿರಲ್ಲ, ಮಲ್ಟಿಮೀಟರ್ ಇದೆ ಅಂತ, ನನಗೆ ಭಯ ಅದರದ್ದು! ಏರ್‌ಬ್ಯಾಗ್ ಒಳಗಿನ ಸಿಡಿಮದ್ದಿಗೆ ಕಿಡಿ ಕೊಡಲು ಸ್ವಲ್ಪ ಕರೆಂಟ್ ಸಾಕು. ಮೀಟರನ್ನು ಓಮ್ಸ್‌ನಲ್ಲಿಟ್ಟು ಚುಚ್ಚಿದರೆ ಮೀಟರೇ ತನ್ನ ಬ್ಯಾಟರಿಯಿಂದ ಆ ವೈರಿಗೆ ಕರೆಂಟ್ ಕಳಿಸುತ್ತದೆ. ಕರೆಂಟ್ ಇದೆಯಾ ಅಂತ ನೋಡುವ ಬಲ್ಬಿನ ಟೆಸ್ಟ್ ಲ್ಯಾಂಪ್ ಅಂತೂ ಇನ್ನೂ ಕೆಟ್ಟದ್ದು. ಹಳದಿ ಕನೆಕ್ಟರ್ ಅಥವಾ ಹಳದಿ ಸ್ಲೀವ್ (ವೈರಿನ ಮೇಲೆ ಹಾಕುವ ಕೊಳವೆ) ಕಂಡರೆ ಅದು ಬಹುಪಾಲು ಗಾಡಿಗಳಲ್ಲಿ ಏರ್‌ಬ್ಯಾಗಿನದ್ದು. ಅದನ್ನು ಅಳೆಯಬೇಡಿ, ಅದರಿಂದ ಕರೆಂಟ್ ಕದಿಯಬೇಡಿ, ನಿಮ್ಮ ವೈರನ್ನು ಅದಕ್ಕೆ ಕಟ್ಟಲೂ ಬೇಡಿ.

ಕೆಲಸ ಶುರು ಮಾಡುವ ಮುಂಚೆ ಕಿಟಕಿ ಗಾಜು ಒಂದಿಷ್ಟು ಇಳಿಸಿ, ಕೀಲಿ ಜೇಬಿನಲ್ಲಿಟ್ಟುಕೊಂಡು, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಹೆಚ್ಚಿನ ಗಾಡಿಗಳಿಗೆ 10ರ ಸ್ಪ್ಯಾನರ್ ಸಾಕು. ಬಿಚ್ಚಿದ ಟರ್ಮಿನಲ್ ತಾನಾಗಿ ವಾಪಸ್ ತಾಗದ ಹಾಗೆ ಬಟ್ಟೆ ಸುತ್ತಿಡಿ. ಆಮೇಲೆ ಕಾಯಬೇಕು. ಅಪಘಾತದಲ್ಲಿ ಬ್ಯಾಟರಿ ತುಂಡಾದರೂ ಬ್ಯಾಗ್ ತೆರೆದುಕೊಳ್ಳಲಿ ಅಂತ ಅದರ ಕಂಟ್ರೋಲ್ ಬಾಕ್ಸಿನೊಳಗೆ ಕೆಪಾಸಿಟರ್ ಇರುತ್ತದೆ, ಬ್ಯಾಟರಿ ತೆಗೆದ ಮೇಲೂ ಅದರಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ. ಎಷ್ಟು ನಿಮಿಷ ಅನ್ನುವುದನ್ನು ಒಂದೊಂದು ಕಂಪನಿ ಒಂದೊಂದು ಥರ ಬರೆಯುತ್ತದೆ. ನಾನು 15 ನಿಮಿಷ ಬಿಡುತ್ತೇನೆ. ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ಅದಕ್ಕಿಂತ ಜಾಸ್ತಿ ಇದ್ದರೆ ಅದನ್ನೇ ಕೇಳಿ. ರೇಡಿಯೋಗೆ ಕೋಡ್ ಇರುವ ಗಾಡಿಯಾದರೆ ಬ್ಯಾಟರಿ ತೆಗೆಯುವ ಮುಂಚೆ ಆ ಕೋಡ್ ಹುಡುಕಿಟ್ಟುಕೊಳ್ಳಿ. ಗಡಿಯಾರ, ಪವರ್ ವಿಂಡೋದ ಒಂದೇ ಒತ್ತಿಗೆ ಏರುವ ಸೆಟ್ಟಿಂಗ್, ಇಂಥವನ್ನು ಆಮೇಲೆ ಮತ್ತೆ ಹೊಂದಿಸಬೇಕಾಗಬಹುದು. ಅದು ದೊಡ್ಡ ವಿಷಯವಲ್ಲ.

ಮುಚ್ಚಳ ಬಿಚ್ಚುವುದಕ್ಕೆ ಸ್ಕ್ರೂಡ್ರೈವರ್ ತುರುಕಬೇಡಿ. ಪ್ಲಾಸ್ಟಿಕ್ಕಿನ ಟ್ರಿಮ್ ಟೂಲ್ ಅಂತ ಬರುತ್ತದೆ, ಅದು ಬೇಕೇ ಬೇಕು. ಲೋಹದ ತುದಿ ಒಮ್ಮೆ ಜಾರಿದರೆ ಸಾಕು, ಆ ಗೀರು ಗಾಡಿ ಮಾರುವ ತನಕ ನಿಮ್ಮನ್ನೇ ನೋಡುತ್ತಿರುತ್ತದೆ. ಟೂಲನ್ನು ಸಂದಿಗೆ ಹಾಕಿ ಕ್ಲಿಪ್ ಎಲ್ಲಿದೆಯೋ ಅದರ ಪಕ್ಕದಲ್ಲೇ ಎಬ್ಬಿಸಬೇಕು. ದೂರದಿಂದ ಮೀಟಿದರೆ ಪ್ಯಾನೆಲ್ ಬಾಗುತ್ತದೆ, ಕ್ಲಿಪ್ ಅಲ್ಲೇ ಕೂತಿರುತ್ತದೆ. ಚಳಿಯಲ್ಲಿ ಈ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ, ಆದ್ದರಿಂದ ಗಾಡಿಯನ್ನು ಒಂದು ಗಂಟೆ ಬಿಸಿಲಿಗೆ ನಿಲ್ಲಿಸಿ ಶುರು ಮಾಡಿ. ಸರಿಯಾಗಿ ಬಂದರೆ ಟಕ್ ಟಕ್ ಅಂತ ಒಂದೊಂದೇ ಬಿಡುತ್ತದೆ. ಒಂದು ಜಾಗದಲ್ಲಿ ಜೋರಾಗಿ ಎಳೆದರೂ ಬರುತ್ತಿಲ್ಲ ಅಂದರೆ ನಿಲ್ಲಿಸಿ. ಅಲ್ಲೊಂದು ಸ್ಕ್ರೂ ಇದೆ, ನಿಮಗೆ ಕಂಡಿಲ್ಲ ಅಂತ ಅರ್ಥ. ಸಣ್ಣ ರಬ್ಬರ್ ಮ್ಯಾಟಿನ ಕೆಳಗೆ, ಆಶ್‌ಟ್ರೇ ಹಿಂದೆ, ಡಮ್ಮಿ ಬಟನ್ನಿನ ಕೆಳಗೆ ಹುಡುಕಿ. ಬಿಚ್ಚಿದ ಪ್ಯಾನೆಲ್‌ನಲ್ಲಿ ಕ್ಲಿಪ್‌ಗಳನ್ನು ಎಣಿಸಿ. ಒಂದು ಕಡಿಮೆ ಇದ್ದರೆ ಅದು ಗಾಡಿಯ ತೂತಿನಲ್ಲೇ ಉಳಿದಿರುತ್ತದೆ, ಈಗಲೇ ತೆಗೆದು ಪ್ಯಾನೆಲ್ಲಿಗೆ ಸಿಕ್ಕಿಸಿ.

ಸ್ಕ್ರೂಗಳನ್ನು ಎಲ್ಲಿಂದ ತೆಗೆದಿರೋ ಆ ಪ್ಯಾನೆಲ್ಲಿನ ಹಿಂಬದಿಗೇ ಟೇಪ್ ಹಾಕಿ ಅಂಟಿಸಿ. ಎಲ್ಲಾ ಒಂದೇ ಡಬ್ಬಿಗೆ ಹಾಕಿದರೆ ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋಗುತ್ತದೆ, ಹಿಂದಿರುವ ಯಾವುದೋ ವೈರನ್ನು ಚುಚ್ಚುತ್ತದೆ. ಇಂಥ ಶಾರ್ಟ್ ಹುಡುಕೋದು ಇದೆಯಲ್ಲ, ಶತ್ರುವಿಗೂ ಬೇಡ.

ನಿಮ್ಮ ಡ್ಯಾಶ್‌ಕ್ಯಾಮ್ ವೈರಿನ ದಾರಿ ಹೀಗೆ: ಕನ್ನಡಿಯ ಹಿಂದಿನಿಂದ ಮೇಲ್ಛಾವಣಿಯ ಬಟ್ಟೆಯ ಅಂಚಿನೊಳಗೆ, ಅಲ್ಲಿಂದ ಮುಂದಿನ ಕಂಬದ ಪಕ್ಕ ಕೆಳಗೆ, ಡ್ಯಾಶ್‌ಬೋರ್ಡ್ ತುದಿಯ ಮುಚ್ಚಳದ ಮೂಲಕ ಫ್ಯೂಸ್ ಬಾಕ್ಸಿಗೆ. ಮೇಲ್ಛಾವಣಿಗೆ ಏನೂ ಬಿಚ್ಚಬೇಕಾಗಿಲ್ಲ, ಬೆರಳಿನಿಂದ ಒತ್ತಿದರೆ ವೈರ್ ಒಳಗೆ ಹೋಗುತ್ತದೆ. ಎಚ್ಚರ ಬೇಕಿರುವುದು ಕಂಬದಲ್ಲಿ. ಕಂಬದ ಹೊದಿಕೆಯ ಮೇಲೆ ಏರ್‌ಬ್ಯಾಗ್ ಅಂತ ಅಚ್ಚು ಇದ್ದರೆ ಅದರೊಳಗೆ ಕರ್ಟನ್ ಬ್ಯಾಗ್, ಅಂದರೆ ಪಕ್ಕದ ಕಿಟಕಿಗೆ ಪರದೆಯ ಹಾಗೆ ಇಳಿಯುವ ಏರ್‌ಬ್ಯಾಗ್, ಮಡಚಿ ಕೂತಿದೆ. ಡಿಕ್ಕಿಯಾದಾಗ ಅದು ಕಣ್ಣು ಮಿಟುಕಿಸುವುದರೊಳಗೆ ಬಿಚ್ಚಿಕೊಳ್ಳಬೇಕು. ವೈರ್ ಬ್ಯಾಗಿನ ಮುಂದೆ ಹಾದು ಹೋಗಿದ್ದರೆ ಬ್ಯಾಗ್ ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ವೈರೇ ಚಾಟಿಯ ಹಾಗೆ ಮುಖಕ್ಕೆ ಬೀಸುತ್ತದೆ. ಆದ್ದರಿಂದ ವೈರ್ ಬ್ಯಾಗಿನ ಹಿಂದೆ, ಲೋಹಕ್ಕೆ ಅಂಟಿಕೊಂಡೇ ಹೋಗಬೇಕು. ಆ ಹೊದಿಕೆ ಹಾರಿಹೋಗದಂತೆ ಹಿಡಿಯುವ ಕ್ಲಿಪ್ ಕೆಲವು ಗಾಡಿಗಳಲ್ಲಿ ಒಂದೇ ಸಲಕ್ಕೆ ಇರುವಂಥದ್ದು, ಬಿಚ್ಚಿದರೆ ಹೊಸದು ಹಾಕಬೇಕು. ಇದೆಲ್ಲಾ ರಗಳೆ ಅನ್ನಿಸಿದರೆ ಕಂಬದ ಹೊದಿಕೆ ಮುಟ್ಟಲೇಬೇಡಿ. ಬಾಗಿಲಿನ ಸುತ್ತ ಇರುವ ರಬ್ಬರ್ ಬೀಡಿಂಗ್ ಸ್ವಲ್ಪ ಎಳೆದು, ಅದರೊಳಗೇ ವೈರ್ ಕೂರಿಸಿ ಕೆಳಗೆ ತನ್ನಿ. ನೋಡಲು ಅಷ್ಟೇ ನೀಟಾಗಿರುತ್ತದೆ. ಹೊಸಬರಿಗೆ ನಾನು ಹೇಳುವುದು ಇದನ್ನೇ.

ರಿವರ್ಸ್ ಕ್ಯಾಮೆರಾದ ವೈರ್ ಸ್ಟೀರಿಯೋ ಹಿಂದಕ್ಕೆ ಬರಬೇಕು ತಾನೇ? ಅದಕ್ಕೆ ಗ್ಲೋವ್ ಬಾಕ್ಸ್ ಬಿಚ್ಚಿ. ಹಲವು ಗಾಡಿಗಳಲ್ಲಿ ಅದರ ಎರಡೂ ಪಕ್ಕ ಒತ್ತಿ ಹಿಡಿದರೆ ಮುಂದಕ್ಕೆ ಬಾಗಿ ಕೆಳಗಿಳಿಯುತ್ತದೆ. ಪಕ್ಕದಲ್ಲಿ ದಾರವೋ ಸಣ್ಣ ಕಡ್ಡಿಯೋ ಕಟ್ಟಿದ್ದರೆ ಮೊದಲು ಅದನ್ನು ಬಿಡಿಸಿ. ಆ ಖಾಲಿ ಜಾಗದಲ್ಲಿ ಟಾರ್ಚ್ ಬಿಟ್ಟು ನೋಡಿದರೆ ಬ್ಲೋವರ್ ಕಾಣುತ್ತದೆ, ಏಸಿ ಪೆಟ್ಟಿಗೆ ಕಾಣುತ್ತದೆ, ಅದರ ಮೈಗೆ ಅಂಟಿಕೊಂಡ ಬೆಂಕಿಪೆಟ್ಟಿಗೆ ಗಾತ್ರದ ಕಪ್ಪು ಮೋಟಾರುಗಳು ಕಾಣುತ್ತವೆ. ಕೆಲವಕ್ಕೆ ಒಂದು ಸಣ್ಣ ಕೈ ಕೂಡ ಇರುತ್ತದೆ. ಅವನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ.

ಯಾಕೆ ಅಂದರೆ, ಕೆಲಸ ಕಲಿತ ಹೊಸತರಲ್ಲಿ ನಾನು ಅಲ್ಲೇ ಎಡವಿದ್ದೆ. ಒಂದು ಗಾಡಿಗೆ ಕ್ಯಾಮೆರಾ ಹಾಕಿ ಕಳಿಸಿದ್ದೆ. ವಾರಕ್ಕೆ ವಾಪಸ್ ಬಂತು, ಏಸಿ ಹಾಕಿದರೆ ಬಿಸಿ ಗಾಳಿ. ವೈರ್ ಎಳೆದದ್ದಕ್ಕೂ ಏಸಿಗೂ ಏನು ಸಂಬಂಧ ಅಂತ ನಾನು ಗ್ಯಾಸ್ ನೋಡಿದೆ, ಕಂಪ್ರೆಸರ್ ನೋಡಿದೆ, ಎಲ್ಲಾ ಸರಿ ಇತ್ತು. ಕೊನೆಗೆ ಎಂಜಿನ್ ಆಫ್ ಮಾಡಿ, ಬರೀ ಕೀಲಿ ಆನ್ ಮಾಡಿ, ಗ್ಲೋವ್ ಬಾಕ್ಸಿಗೆ ಕಿವಿ ಕೊಟ್ಟು ಟೆಂಪರೇಚರ್ ಗುಂಡಿ ತಿರುಗಿಸಿದೆ. ಟಿಕ್, ಟಿಕ್, ಟಿಕ್. ನಾನು ಹಾಕಿದ ಕೇಬಲ್ ಟೈ ಆ ಸಣ್ಣ ಕೈಯನ್ನೂ ಸೇರಿಸಿ ಬಿಗಿದಿತ್ತು. ಬಿಸಿ, ತಣ್ಣನೆ ಗಾಳಿ ಬೆರೆಸುವ ಬಾಗಿಲನ್ನು ತಿರುಗಿಸುವುದು ಆ ಕೈಯೇ. ಮೋಟಾರು ತಿರುಗಿಸಲು ಹೆಣಗಿ ಹೆಣಗಿ ಒಳಗಿನ ಹಲ್ಲುಚಕ್ರ ಸವೆದುಹೋಗಿತ್ತು. ಟೈ ಕತ್ತರಿಸಿದರೆ ಸಾಲಲಿಲ್ಲ, ಹೊಸ ಮೋಟಾರು ನನ್ನ ಕೈಯಿಂದಲೇ ಹಾಕಿಕೊಟ್ಟೆ. ಅವತ್ತಿನಿಂದ ಅಲುಗಾಡುವ ಯಾವ ವಸ್ತುವಿನ ಹತ್ತಿರವೂ ವೈರ್ ಕಟ್ಟುವುದಿಲ್ಲ. ಏಸಿಯ ಕೈಗಳು, ಪೆಡಲ್‌ಗಳು, ಸ್ಟೀರಿಂಗ್ ಕಾಲಮ್, ಗ್ಲೋವ್ ಬಾಕ್ಸಿನ ಕೀಲು, ಎಲ್ಲಕ್ಕೂ ಇದೇ ನಿಯಮ. ಪೆಡಲ್ ಮೇಲೆ ಜೋತುಬಿದ್ದ ವೈರ್ ಅಂತೂ ಜೀವಕ್ಕೇ ಕುತ್ತು.

ವೈರನ್ನು ನೇರವಾಗಿ ತಳ್ಳಿದರೆ ಎಲ್ಲೋ ಸುರುಳಿ ಸುತ್ತಿಕೊಂಡು ನಿಲ್ಲುತ್ತದೆ. ಇನ್ಸುಲೇಷನ್ ಇರುವ ಗಟ್ಟಿ ತಂತಿಯೊಂದನ್ನು ತಗೊಳ್ಳಿ, ಮನೆ ವೈರಿಂಗ್‌ನ ಒಂಟಿ ಎಳೆ ತಂತಿ ಇದ್ದರೂ ಆದೀತು. ಅದರ ತುದಿಯನ್ನು ಮಡಚಿ ಟೇಪ್ ಸುತ್ತಿ, ಸ್ಟೀರಿಯೋ ಜಾಗದಿಂದ ಗ್ಲೋವ್ ಬಾಕ್ಸ್ ಕಡೆಗೆ ತಳ್ಳಿ. ತುದಿ ಸಿಕ್ಕ ಮೇಲೆ ಕ್ಯಾಮೆರಾದ ವೈರನ್ನು ಅದಕ್ಕೆ ಕಟ್ಟಿ ವಾಪಸ್ ಎಳೆದುಕೊಳ್ಳಿ. ಕಟ್ಟಿದ ಜಾಗ ಗಂಟಾಗಬಾರದು, ಟೇಪ್ ಸುತ್ತಿ ಬಾಲದ ಹಾಗೆ ಸಪೂರ ಮಾಡಿ. ಜೋರಾಗಿ ಎಳೆಯಬೇಡಿ. ಆ ಲೋಹದ ತೊಲೆಯ ಅಂಚು ಕೆಲವು ಕಡೆ ಚಾಕುವಿನಷ್ಟೇ ಚೂಪು. ವೈರ್ ಅಂಥ ಅಂಚು ದಾಟುತ್ತಿದ್ದರೆ ಅಲ್ಲಿ ಸ್ಲೀವ್ ಹಾಕಿ. ಗಾಡಿ ಓಡುವಾಗ ದಿನವೂ ಆಗುವ ಅದುರಾಟದಲ್ಲಿ ಬರೀ ಇನ್ಸುಲೇಷನ್ ಎಷ್ಟು ದಿನ ತಡೆದೀತು? ಕಂಪನಿಯ ಹಾರ್ನೆಸ್ ಹೋದ ದಾರಿಯಲ್ಲೇ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಅದರ ಜೊತೆಗೇ ಗೇಣಿಗೊಂದು ಕಡೆ ಬಟ್ಟೆ ಟೇಪ್ ಸುತ್ತಿ. ಪ್ಲಾಸ್ಟಿಕ್ ಇನ್ಸುಲೇಷನ್ ಟೇಪ್ ಬಿಸಿಲಿಗೆ ಅಂಟಂಟಾಗಿ ಬಿಚ್ಚಿಕೊಳ್ಳುತ್ತದೆ. ಕನೆಕ್ಟರ್‌ಗಳಿಗೆ ಸ್ವಲ್ಪ ಫೋಮ್ ಸುತ್ತಿ. ಇಲ್ಲದಿದ್ದರೆ ಗುಂಡಿ ಬಿದ್ದ ರಸ್ತೆಯಲ್ಲಿ ಕಟಕಟ ಅನ್ನುತ್ತೆ, ನೀವು ಮತ್ತೆ ಎಲ್ಲಾ ಬಿಚ್ಚುತ್ತೀರಿ.

ಕರೆಂಟ್ ಎಲ್ಲಿಂದ ತಗೊಳ್ಳೋದು? ಮನೆ ವೈರಿಂಗ್ ಗೊತ್ತಿರುವವರು ಇಲ್ಲಿ ಸ್ವಲ್ಪ ಮೈಮರೆಯುತ್ತಾರೆ. ಮನೆಯ ಕರೆಂಟ್ ಶಾಕ್ ಹೊಡೆಯುತ್ತದೆ, ಆದ್ದರಿಂದ ಹುಷಾರಾಗಿರುತ್ತೇವೆ. ಗಾಡಿಯದ್ದು 12 ವೋಲ್ಟ್, ಕೈಗೆ ಏನೂ ಗೊತ್ತಾಗಲ್ಲ. ಆದರೆ ಶಾರ್ಟ್ ಆದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ, ವೈರ್ ಕೆಂಪಗೆ ಕಾದು ಸುತ್ತಲಿನದ್ದಕ್ಕೂ ಬೆಂಕಿ ಹಚ್ಚುತ್ತದೆ. ಅದಕ್ಕೇ ಫ್ಯೂಸ್ ಇಲ್ಲದೆ ಒಂದು ವೈರೂ ಬೇಡ. ಫ್ಯೂಸ್ ಇರಬೇಕಾದದ್ದು ಕರೆಂಟ್ ತಗೊಳ್ಳುವ ಜಾಗದ ಪಕ್ಕದಲ್ಲೇ, ಕ್ಯಾಮೆರಾದ ತುದಿಯಲ್ಲಲ್ಲ. ಫ್ಯೂಸ್ ಕಾಯುವುದು ತನ್ನ ಮುಂದಿನ ವೈರನ್ನು, ಫ್ಯೂಸಿಗೂ ಬ್ಯಾಟರಿಗೂ ನಡುವಿನ ವೈರ್‌ಗೆ ಯಾರೂ ದಿಕ್ಕಿಲ್ಲ.

ವೈರ್ ಸಿಗಿದು ಇನ್ನೊಂದನ್ನು ಸುತ್ತುವುದು, ಚಿಮುಟದ ಹಾಗೆ ಕಚ್ಚುವ ನೀಲಿ, ಕೆಂಪು ಟ್ಯಾಪ್ ಕ್ಲಿಪ್ ಹಾಕುವುದು ನನಗೆ ಆಗಿಬರಲ್ಲ. ಅವು ಎಳೆಗಳನ್ನು ಅರ್ಧ ಕಡಿದು ಕೂರುತ್ತವೆ, ಒಂದೆರಡು ವರ್ಷಕ್ಕೆ ತುಕ್ಕು ಹಿಡಿಯುತ್ತವೆ. ಫ್ಯೂಸ್ ಟ್ಯಾಪ್ ತಗೊಳ್ಳಿ. ಇರುವ ಫ್ಯೂಸ್ ತೆಗೆದು ಅದರ ಜಾಗಕ್ಕೆ ಇದನ್ನು ಹಾಕಿದರೆ ಹಳೆಯ ಫ್ಯೂಸಿಗೆ ಒಂದು ಮನೆ, ನಿಮ್ಮ ಹೊಸ ಫ್ಯೂಸಿಗೆ ಇನ್ನೊಂದು ಮನೆ. ನಿಮ್ಮ ಗಾಡಿಯ ಫ್ಯೂಸಿನ ಸೈಜು ನೋಡಿಕೊಂಡೇ ತನ್ನಿ, ಮಿನಿ, ಮೈಕ್ರೋ ಅಂತ ಹಲವು ಇವೆ. ಡ್ಯಾಶ್‌ಕ್ಯಾಮ್ ಎಳೆಯುವುದು ಸಾಮಾನ್ಯವಾಗಿ 1 ಆಂಪಿಯರಿಗಿಂತ ಕಡಿಮೆ. 2 ಅಥವಾ 3 ಆಂಪಿಯರ್ ಫ್ಯೂಸ್ ಸಾಕು, 0.5 ಚದರ ಮಿಲಿಮೀಟರ್ ವೈರ್ ಧಾರಾಳ. ಏರ್‌ಬ್ಯಾಗ್, ಏಬಿಎಸ್, ಎಂಜಿನ್ ಕಂಪ್ಯೂಟರ್, ಈ ಮೂರರ ಫ್ಯೂಸ್ ಮುಟ್ಟಬೇಡಿ. ಸಿಗರೇಟ್ ಲೈಟರ್ ಫ್ಯೂಸ್ ನನಗೆ ಇಷ್ಟ. ಅದು ಕೆಟ್ಟರೂ ಗಾಡಿ ನಿಲ್ಲಲ್ಲ.

ಇಲ್ಲಿ ಮಲ್ಟಿಮೀಟರ್ ಹೊರಗೆ ತೆಗೆಯಿರಿ, ಈಗ ಅದರ ಸರದಿ. ಅಳೆಯೋಕೆ ಬ್ಯಾಟರಿ ಬೇಕು. ಏರ್‌ಬ್ಯಾಗಿನ ಯಾವ ಕನೆಕ್ಟರನ್ನೂ ಬಿಚ್ಚಿಲ್ಲ ಅಂತ ಖಾತ್ರಿ ಮಾಡಿಕೊಂಡು ಟರ್ಮಿನಲ್ ಹಾಕಿ. ಕೀಲಿ ಆನ್ ಮಾಡಿದರೆ ಫ್ಯೂಸ್ ಕಿತ್ತ ತೂತುಗಳಲ್ಲಿ ಒಂದಕ್ಕೆ ಮಾತ್ರ 12 ವೋಲ್ಟ್ ಬರುತ್ತದೆ. ಟ್ಯಾಪಿನ ಎರಡೂ ಫ್ಯೂಸಿಗೆ ಸೇರಿದ ಕಾಲು ಆ ತೂತಿಗೆ ಹೋಗಬೇಕು. ತಿರುಗಿಸಿ ಹಾಕಿದರೂ ಕ್ಯಾಮೆರಾ ಓಡುತ್ತದೆ, ಆದರೆ ನಿಮ್ಮ ಹೊರೆಯೂ ಹಳೆಯ ಫ್ಯೂಸಿನ ಮೇಲೆಯೇ ಬೀಳುತ್ತದೆ. ಪರೀಕ್ಷೆ ಸುಲಭ: ಟ್ಯಾಪಿನಿಂದ ಹಳೆಯ ಫ್ಯೂಸ್ ಮಾತ್ರ ತೆಗೆದು ನೋಡಿ. ನಿಮ್ಮ ವೈರಿನಲ್ಲಿ ಆಗಲೂ ಕರೆಂಟ್ ಇದ್ದರೆ ಸರಿಯಾಗಿ ಕೂತಿದೆ. ಕೀಲಿ ಆಫ್ ಮಾಡಿದ ತಕ್ಷಣ ಅಳೆದು "ಇದರಲ್ಲಿ ಯಾವಾಗಲೂ ಕರೆಂಟ್ ಇದೆ" ಅಂತ ತೀರ್ಮಾನ ಮಾಡಬೇಡಿ. ಈಗಿನ ಗಾಡಿಗಳು ಲಾಕ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಎಚ್ಚರವಾಗಿರುತ್ತವೆ. ಪಾರ್ಕಿಂಗ್ ಮೋಡ್ ಇರುವ, ಅಂದರೆ ಗಾಡಿ ನಿಲ್ಲಿಸಿದ ಮೇಲೂ ರೆಕಾರ್ಡ್ ಮಾಡುವ, ಕ್ಯಾಮೆರಾ ಆದರೆ ಯಾವಾಗಲೂ ಕರೆಂಟ್ ಇರುವ ಇನ್ನೊಂದು ಫ್ಯೂಸ್ ಕೂಡ ಬೇಕು. ಆಗ ಬ್ಯಾಟರಿ ಇಳಿದರೆ ಕ್ಯಾಮೆರಾ ತಾನೇ ಆಫ್ ಆಗುವ ಸೆಟ್ಟಿಂಗನ್ನು 12.2 ವೋಲ್ಟಿಗಿಂತ ಕೆಳಗೆ ಇಡಬೇಡಿ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಬೇಕಲ್ವಾ!

ಅರ್ತ್, ಅಂದರೆ ಕ್ಯಾಮೆರಾದ ನೆಗೆಟಿವ್ ವೈರ್ ಗಾಡಿಯ ಬಾಡಿಗೆ ಸೇರುವ ಜಾಗ, ಅದರ ಬಗ್ಗೆ ಹೇಳೋದು ಸ್ವಲ್ಪವೇ. ಬಾಡಿಯ ಲೋಹಕ್ಕೆ ನೇರವಾಗಿ ಕೂತ, ಕಂಪನಿಯದ್ದೇ ಆದ ಅರ್ತ್ ಬೋಲ್ಟ್ ಹುಡುಕಿ ರಿಂಗ್ ಟರ್ಮಿನಲ್ ಹಾಕಿ ಬಿಗಿ ಮಾಡಿ. ಪೇಂಟ್ ಮೇಲೆ ಕೂತರೆ ಕ್ಯಾಮೆರಾ ಆಗಾಗ ಆಫ್ ಆಗಿ ಆನ್ ಆಗುತ್ತದೆ, ನೀವು ಕ್ಯಾಮೆರಾವನ್ನು ಬೈಯುತ್ತೀರಿ. ಏರ್‌ಬ್ಯಾಗ್ ಬಾಕ್ಸನ್ನು ಹಿಡಿದ ಬೋಲ್ಟ್ ಮಾತ್ರ ಬೇಡ.

ಈಗ ಎಲ್ಲಾ ಪ್ಯಾನೆಲ್ ಹೊರಗಿರುವಾಗಲೇ ಎಲ್ಲವನ್ನೂ ಓಡಿಸಿ ನೋಡಿ. ಕ್ಯಾಮೆರಾ, ಸ್ಟೀರಿಯೋ, ಹಾರ್ನ್, ಏಸಿ ಬಿಸಿಯಿಂದ ತಣ್ಣಗೆ, ಇಂಡಿಕೇಟರ್, ಬ್ರೇಕ್ ಲೈಟ್. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಪೆಡಲ್ ಕೊನೆವರೆಗೆ ಒತ್ತಿ. ಕೀಲಿ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಉರಿದು ಆರಬೇಕು. ಆರದಿದ್ದರೆ ನೀವು ಏನೋ ಒಂದು ಕನೆಕ್ಟರ್ ಅಲುಗಿಸಿದ್ದೀರಿ. ಮತ್ತೆ ಬ್ಯಾಟರಿ ಬಿಚ್ಚಿ, ಕಾದು, ಕನೆಕ್ಟರ್ ಸರಿಯಾಗಿ ಕೂತಿದೆಯಾ ನೋಡಿ. ಆಮೇಲೂ ದೀಪ ಉರಿದರೆ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ. ದೀಪ ಉರಿಯುತ್ತಿದ್ದರೆ ಅಪಘಾತದಲ್ಲಿ ಬ್ಯಾಗ್ ತೆರೆದುಕೊಳ್ಳುತ್ತೆ ಅನ್ನೋ ಭರವಸೆ ಇಲ್ಲ.

ಮುಚ್ಚುವಾಗ ಒಂದು ಸಣ್ಣ ಕೈಚಳಕ. ಪ್ಲಾಸ್ಟಿಕ್ ತೂತಿಗೆ ಸ್ಕ್ರೂ ಹಾಕುವಾಗ ಮೊದಲು ಉಲ್ಟಾ ತಿರುಗಿಸಿ. ಒಂದು ಸುತ್ತಿನೊಳಗೆ ಸ್ಕ್ರೂ ಟಪ್ ಅಂತ ಒಂದು ಕೂದಲೆಳೆಯಷ್ಟು ಕೆಳಗೆ ಬೀಳುವುದು ಬೆರಳಿಗೆ ಗೊತ್ತಾಗುತ್ತದೆ. ಹಳೆಯ ಥ್ರೆಡ್ ಸಿಕ್ಕಿತು ಅಂತ ಅರ್ಥ. ಅಲ್ಲಿಂದ ಕೈಯಲ್ಲೇ ಬಿಗಿ ಮಾಡಿ. ಹಾಗೆ ಮಾಡದೆ ಡ್ರಿಲ್ ಹಾಕಿ ತಿರುಗಿಸಿದರೆ ಹೊಸ ಥ್ರೆಡ್ ಕೊರೆಯುತ್ತದೆ. ಎರಡು ಮೂರು ಸಲಕ್ಕೆ ತೂತು ಸಡಿಲವಾಗಿ ಡ್ಯಾಶ್‌ಬೋರ್ಡ್ ಕಿರಕಿರ ಶುರು.

ಎರಡು ದಿನ ಅಂದರಲ್ಲ, ಮುಂದಿನ ಕ್ಯಾಮೆರಾಕ್ಕೆ ನಿಮಗೆ ಹೆಚ್ಚೆಂದರೆ ಅರ್ಧ ದಿನ. ಅದನ್ನು ಮೊದಲು ಮುಗಿಸಿ, ಒಂದು ವಾರ ಓಡಿಸಿ, ಆಮೇಲೆ ಹಿಂದಿನದ್ದಕ್ಕೆ ಕೈ ಹಾಕಿ. ಅಲ್ಲಿ ನಿಜವಾದ ಸತಾಯಿಸುವಿಕೆ ಡ್ಯಾಶ್‌ಬೋರ್ಡಿನದ್ದಲ್ಲ, ಮೇಲ್ಛಾವಣಿಯಿಂದ ಹಿಂಬಾಗಿಲಿಗೆ ಹೋಗುವ ಆ ಗೇಣುದ್ದದ ರಬ್ಬರ್ ಕೊಳವೆಯದ್ದು. ಅದರ ಎರಡೂ ತುದಿ ಬಿಡಿಸಿ, ವೈರಿಗೆ ಸ್ವಲ್ಪ ಸೋಪಿನ ನೀರು ಸವರಿ, ಬಾಗಿಲು ಅರ್ಧ ತೆರೆದಿಟ್ಟು ತಂತಿ ತೂರಿಸಿ. ಆಮೇಲೆ ಬಾಗಿಲನ್ನು ಪೂರ್ತಿ ಎತ್ತಿ, ಪೂರ್ತಿ ಮುಚ್ಚಿ ನೋಡಿ. ಎರಡೂ ಸಲ ವೈರ್ ಸಡಿಲವಾಗಿಯೇ ಇದ್ದರೆ ರಬ್ಬರನ್ನು ಅದರ ತೂತಿನಲ್ಲಿ ಸುತ್ತಲೂ ಒತ್ತಿ ಕೂರಿಸಿ, ಇಲ್ಲದಿದ್ದರೆ ಮೊದಲ ಮಳೆಗೇ ನೀರು ಒಳಗೆ ಬರುತ್ತದೆ.